ಯಾವ ಪಾಯಿಂಟನ್ನ ನೋಡದೇ ಬಿಡಬಹುದು? ಜಾಮೆಟ್ರಿ ಅಲ್ಗಾರಿದಮ್‌ಗಳ ಬಗ್ಗೆ ಒಂದಿಷ್ಟು

ಕಂಪ್ಯೂಟೇಶನಲ್ ಜಾಮೆಟ್ರಿ ಅಂದ ತಕ್ಷಣ ತುಂಬಾ ಜನ ಅದು ಫಾರ್ಮುಲಾಗಳ ವಿಷಯ ಅಂದ್ಕೋತಾರೆ, ಎರಡು ಪಾಯಿಂಟ್ ಮಧ್ಯೆ ದೂರ ಎಷ್ಟು, ಎರಡು ಲೈನ್ ಎಲ್ಲಿ ಸೇರ್ತವೆ, ತ್ರಿಕೋನದ ವಿಸ್ತೀರ್ಣ ಎಷ್ಟು, ಇಂಥವು. ಅದೆಲ್ಲ ಹೈಸ್ಕೂಲ್ ಗಣಿತದಲ್ಲೇ ಮುಗಿದಿರುತ್ತೆ. ನಿಜವಾದ ಪ್ರಶ್ನೆ ಶುರುವಾಗೋದು ಎರಡು ಪಾಯಿಂಟ್ ಇರೋ ಜಾಗದಲ್ಲಿ ಹತ್ತು ಲಕ್ಷ ಪಾಯಿಂಟ್ ಬಂದು ಕೂತಾಗ. ಫಾರ್ಮುಲಾ ಅದೇ, ಆದ್ರೆ ಅದನ್ನ ಎಷ್ಟು ಸಲ ಹಾಕ್ಬೇಕು, ಯಾವ ಜೋಡಿಗೆ ಹಾಕ್ಬೇಕು, ಯಾವ ಜೋಡೀನ ಮುಟ್ಟದೇ ಬಿಟ್ರೂ ಉತ್ತರ ತಪ್ಪಲ್ಲ ಅನ್ನೋದೇ ಈ ಇಡೀ ಸಬ್ಜೆಕ್ಟು.

ಒಂದು ಲೆಕ್ಕ ಹಾಕೋಣ. ಹತ್ತು ಲಕ್ಷ ಪಾಯಿಂಟ್ ಇವೆ, ಅದರಲ್ಲಿ ಒಂದಕ್ಕೊಂದು ಅತೀ ಹತ್ತಿರ ಇರೋ ಜೋಡಿ ಯಾವುದು ಅಂತ ಬೇಕು. ಎಲ್ಲಾ ಜೋಡೀನೂ ನೋಡ್ತೀನಿ ಅಂದ್ರೆ ಸುಮಾರು 50,000 ಕೋಟಿ ಜೋಡಿ. ಸೆಕೆಂಡಿಗೆ 10 ಕೋಟಿ ದೂರ ಲೆಕ್ಕ ಹಾಕೋ ಪ್ರೋಗ್ರಾಮ್ ಆದ್ರೂ 5,000 ಸೆಕೆಂಡ್, ಅಂದ್ರೆ ಒಂದು ಗಂಟೆ 23 ನಿಮಿಷ. ಅದೇ ಕೆಲಸ ಎನ್ ಲಾಗ್ ಎನ್ ಹೆಜ್ಜೆಯಲ್ಲಿ (ಎನ್ ಅಂದ್ರೆ ಪಾಯಿಂಟ್‌ಗಳ ಸಂಖ್ಯೆ, ಲಾಗ್ ಎನ್ ಅಂದ್ರೆ ಅದನ್ನ ಎಷ್ಟು ಸಲ ಅರ್ಧ ಮಾಡಿದ್ರೆ ಒಂದಕ್ಕೆ ಬರುತ್ತೆ ಅನ್ನೋದು, ಹತ್ತು ಲಕ್ಷಕ್ಕೆ ಸುಮಾರು 20) ಆಗೋ ಹಾಗಿದ್ರೆ ಸುಮಾರು 2 ಕೋಟಿ ಹೆಜ್ಜೆ, ಒಂದೊಂದು ಹೆಜ್ಜೆ ಸ್ವಲ್ಪ ಭಾರ ಇದ್ರೂ ಒಂದೆರಡು ಸೆಕೆಂಡ್ ಒಳಗೆ ಮುಗಿಯುತ್ತೆ. ಮಷೀನ್ ಅದೇ, ಪಾಯಿಂಟ್‌ಗಳೂ ಅವೇ.

ಈ ವ್ಯತ್ಯಾಸ ಎಲ್ಲಿಂದ ಬರುತ್ತೆ ಅನ್ನೋದು ನಂಗೆ ಬಹಳ ಇಷ್ಟದ ವಿಷಯ. ತುಂಬಾ ಕಡೆ "ಡಿವೈಡ್ ಅಂಡ್ ಕಾಂಕರ್ ಹಾಕಿದ್ರೆ ಎನ್ ಲಾಗ್ ಎನ್ ಆಗುತ್ತೆ" ಅಂತ ಮಂತ್ರದ ಥರ ಹೇಳಿ ಮುಂದೆ ಹೋಗ್ಬಿಡ್ತಾರೆ (ಪ್ರಶ್ನೇನ ಚಿಕ್ಕ ಭಾಗಗಳಾಗಿ ಒಡೆದು, ಬಿಡಿಸಿ, ಉತ್ತರ ಸೇರಿಸೋದೇ ಡಿವೈಡ್ ಅಂಡ್ ಕಾಂಕರ್), ಆದ್ರೆ ಡಿವೈಡ್ ಮಾಡಿದ ಮಾತ್ರಕ್ಕೆ ಏನೂ ವೇಗ ಆಗಲ್ಲ. ಪ್ರತಿ ಒಳ್ಳೆ ಜಾಮೆಟ್ರಿ ಅಲ್ಗಾರಿದಮ್ ಒಳಗೂ ಒಂದು ಪುಟ್ಟ ಜಾಮೆಟ್ರಿ ಸತ್ಯ ಕೂತಿರುತ್ತೆ, "ಅಲ್ಲಿ ಹುಡುಕ್ಬೇಡ, ಅಲ್ಲಿ ಉತ್ತರ ಇರೋಕೆ ಸಾಧ್ಯಾನೇ ಇಲ್ಲ" ಅಂತ ಗ್ಯಾರಂಟಿ ಕೊಡೋ ಸತ್ಯ. ಕೋಡ್ ಮರೆತ್ರೆ ಮತ್ತೆ ಬರ್ಕೋಬಹುದು, ಈ ಸತ್ಯ ಮರೆತ್ರೆ ಅಲ್ಗಾರಿದಮ್ಮೇ ಕೈಬಿಟ್ಟು ಹೋಗುತ್ತೆ.

ಹತ್ತಿರದ ಜೋಡಿ ಪ್ರಶ್ನೇನೇ ಪೂರ್ತಿ ನೋಡೋಣ, ಯಾಕಂದ್ರೆ ನನ್ನ ಪ್ರಕಾರ ಈ ಸಬ್ಜೆಕ್ಟಿಗೆ ಇದಕ್ಕಿಂತ ಒಳ್ಳೆ ಬಾಗಿಲು ಇನ್ನೊಂದಿಲ್ಲ. ಪಾಯಿಂಟ್‌ಗಳೆಲ್ಲ ಒಂದೇ ಗೆರೆ ಮೇಲೆ ಇದ್ರೆ ಕಷ್ಟಾನೇ ಇಲ್ಲ, ಸಾರ್ಟ್ ಮಾಡಿ, ಅಂದ್ರೆ ಕ್ರಮವಾಗಿ ಜೋಡಿಸಿ, ಪಕ್ಕಪಕ್ಕದವುಗಳನ್ನ ನೋಡಿದ್ರೆ ಆಯ್ತು. ಎರಡು ಡೈಮೆನ್ಷನ್‌ಗೆ ಬಂದ ತಕ್ಷಣ ಈ ಸುಖ ಹೋಗುತ್ತೆ, ಎಕ್ಸ್ ಪ್ರಕಾರ ಸಾರ್ಟ್ ಮಾಡಿದ್ರೆ ಪಕ್ಕದಲ್ಲಿ ಕೂತಿರೋ ಎರಡು ಪಾಯಿಂಟ್‌ಗಳಲ್ಲಿ ಒಂದು ತೀರಾ ಮೇಲೆ ಇನ್ನೊಂದು ತೀರಾ ಕೆಳಗೆ ಇರಬಹುದು. ಪ್ಲೇನ್ ಮೇಲಿನ ಹತ್ತಿರ ಅನ್ನೋದನ್ನ ಒಂದೇ ಸಾಲಿನ ಲಿಸ್ಟಲ್ಲಿ ಹಿಡಿದಿಡೋಕೆ ಆಗಲ್ಲ.

ಮೈಕೆಲ್ ಶಾಮೋಸ್ ಮತ್ತೆ ಡ್ಯಾನ್ ಹೋಯಿ 1975ರಲ್ಲಿ ಇಂಥ ಹತ್ತಿರದ ಪಾಯಿಂಟ್ ಪ್ರಶ್ನೆಗಳ ಬಗ್ಗೇನೇ ಒಂದು ಪೇಪರ್ ಬರೆದ್ರು, ಇವತ್ತು ಎಲ್ಲಾ ಕಡೆ ಪಾಠ ಮಾಡೋ ವಿಧಾನದ ಬೇರು ಅಲ್ಲೇ ಇರೋದು. ಎಕ್ಸ್ ಪ್ರಕಾರ ಮಧ್ಯಕ್ಕೆ ಒಂದು ಉದ್ದ ಗೆರೆ ಎಳೀರಿ, ಎಡಕ್ಕೆ ಅರ್ಧ ಪಾಯಿಂಟ್ ಬಲಕ್ಕೆ ಅರ್ಧ. ಎರಡೂ ಕಡೆ ಪ್ರತ್ಯೇಕವಾಗಿ ಇದೇ ಅಲ್ಗಾರಿದಮ್ ಓಡ್ಸಿ ಹತ್ತಿರದ ಜೋಡಿ ಹುಡ್ಕಿ, ಎರಡರಲ್ಲಿ ಕಮ್ಮಿ ದೂರಾನ ಡಿ ಅನ್ನೋಣ. ಇನ್ನು ಉಳಿದಿದ್ದು ಒಂದು ಪಾಯಿಂಟ್ ಎಡಕ್ಕೆ ಇನ್ನೊಂದು ಬಲಕ್ಕೆ ಇರೋ ಜೋಡಿಗಳು ಮಾತ್ರ. ಅಂಥ ಜೋಡಿ ಡಿಗಿಂತ ಹತ್ತಿರ ಇರ್ಬೇಕು ಅಂದ್ರೆ ಎರಡೂ ಪಾಯಿಂಟ್ ಮಧ್ಯದ ಗೆರೆಯಿಂದ ಡಿ ದೂರದೊಳಗೇ ಇರ್ಬೇಕು, ಅಂದ್ರೆ ಎರಡು ಡಿ ಅಗಲದ ಒಂದು ಪಟ್ಟಿ ಒಳಗೆ. ಪಟ್ಟಿ ಆಚೆ ಇರೋದನ್ನೆಲ್ಲ ಬಿಟ್ಟಾಕಿ.

ಇಲ್ಲಿಗೆ ನಿಲ್ಸಿದ್ರೆ ಏನೂ ಗೆದ್ದಿರಲ್ಲ, ಇದನ್ನ ಗಮನ ಇಟ್ಟು ನೋಡ್ಬೇಕು. ಯಾಕಂದ್ರೆ ಹತ್ತು ಲಕ್ಷ ಪಾಯಿಂಟ್‌ಗಳೂ ಆ ಪಟ್ಟಿ ಒಳಗೇ ಬಂದು ಕೂತಿರಬಹುದು, ಯಾರು ಬೇಡ ಅಂತಾರೆ, ಎಲ್ಲಾ ಪಾಯಿಂಟೂ ಹೆಚ್ಚು ಕಮ್ಮಿ ಒಂದೇ ಲಂಬ ಗೆರೆ ಮೇಲೆ ಇದ್ರೆ ಹಾಗೇ ಆಗುತ್ತೆ. ಆಗ ಎಡದ 5 ಲಕ್ಷಕ್ಕೆ ಬಲದ 5 ಲಕ್ಷ ಹೋಲಿಸ್ತಾ ಕೂತ್ರೆ ಮತ್ತೆ ಎನ್ ಸ್ಕ್ವೇರ್ ಲೆಕ್ಕದ ಕೆಲಸ, ಎಲ್ಲಾ ಜೋಡೀನೂ ನೋಡೋ ಹಳೇ ಕಥೇನೇ.

ಪಟ್ಟಿ ಒಳಗಿನ ಒಂದು ಪಾಯಿಂಟ್ ತಗೊಳ್ಳಿ. ಅದಕ್ಕೆ ಡಿಗಿಂತ ಹತ್ತಿರ ಇರೋ, ಅದಕ್ಕಿಂತ ಮೇಲಿರೋ ಪಾಯಿಂಟ್ ಎಲ್ಲೇ ಇದ್ರೂ ಎರಡು ಡಿ ಅಗಲ ಡಿ ಎತ್ತರದ ಒಂದು ಆಯತದ ಒಳಗೇ ಇರ್ಬೇಕು. ಆ ಆಯತ ಅಂದ್ರೆ ಎಡಕ್ಕೊಂದು ಬಲಕ್ಕೊಂದು ಡಿ ಬದಿಯ ಚೌಕ. ಒಂದೊಂದು ಚೌಕಾನ ನಾಲ್ಕು ಮಾಡಿ, ಅರ್ಧ ಡಿ ಬದಿಯ ಪುಟ್ಟ ಚೌಕಗಳು, ಒಟ್ಟು ಎಂಟು. ಆ ಪುಟ್ಟ ಚೌಕದ ಕರ್ಣ ಎಷ್ಟು? ಸುಮಾರು 0.707 ಡಿ. ಅಂದ್ರೆ ಒಂದು ಪುಟ್ಟ ಚೌಕದೊಳಗೆ ಎರಡು ಪಾಯಿಂಟ್ ಇದ್ರೆ ಅವುಗಳ ದೂರ ಡಿಗಿಂತ ಕಮ್ಮಿ ಆಗ್ಬೇಕು, ಆದ್ರೆ ಒಂದೇ ಕಡೆಯ ಯಾವ ಎರಡು ಪಾಯಿಂಟ್‌ಗಳ ದೂರಾನೂ ಡಿಗಿಂತ ಕಮ್ಮಿ ಇಲ್ಲ ಅಂತ ರಿಕರ್ಷನ್, ಅಂದ್ರೆ ಎಡಕ್ಕೂ ಬಲಕ್ಕೂ ಇದೇ ಅಲ್ಗಾರಿದಮ್ ಓಡ್ಸಿದ್ದು, ಆಗ್ಲೇ ಹೇಳಿದೆ! ಹಾಗಾಗಿ ಒಂದು ಪುಟ್ಟ ಚೌಕಕ್ಕೆ ಹೆಚ್ಚಂದ್ರೆ ಒಂದೇ ಪಾಯಿಂಟ್. ಎಂಟು ಚೌಕದಲ್ಲಿ ಒಂದು ನಮ್ಮದೇ ಪಾಯಿಂಟು, ಉಳಿದಿದ್ದು ಏಳು. ಪಟ್ಟಿಯೊಳಗಿನ ಪಾಯಿಂಟ್‌ಗಳನ್ನ ವೈ ಪ್ರಕಾರ ಸಾರ್ಟ್ ಮಾಡಿಟ್ರೆ ಪ್ರತಿ ಪಾಯಿಂಟೂ ತನ್ನ ಮುಂದಿನ ಏಳು ಪಾಯಿಂಟ್‌ಗಳನ್ನ ಮಾತ್ರ ನೋಡಿದ್ರೆ ಸಾಕು, ಎಂಟನೇದು ಹತ್ತಿರ ಇರೋಕೆ ಜಾಗಾನೇ ಇಲ್ಲ.

ಈ ವಾದದಲ್ಲಿ ನಂಗೆ ಯಾವಾಗ್ಲೂ ಹಿಡಿಸೋದು ಏನಂದ್ರೆ, ಹಿಂದಿನ ಹೆಜ್ಜೆಯ ಉತ್ತರಾನೇ ಮುಂದಿನ ಹೆಜ್ಜೆಯ ಕೆಲಸ ಕಮ್ಮಿ ಮಾಡೋದು. ಎಡ ಬಲದಲ್ಲಿ ಡಿ ಅಂತ ಕಂಡುಹಿಡಿದಿದ್ದಕ್ಕೇ ಪಾಯಿಂಟ್‌ಗಳು ಒತ್ತೊತ್ತಾಗಿ ಇಲ್ಲ ಅಂತ ಗೊತ್ತಾಯ್ತು, ಒತ್ತಾಗಿ ಇಲ್ಲ ಅಂತ ಗೊತ್ತಾಗಿದ್ದಕ್ಕೇ ಏಳರಲ್ಲಿ ಕೆಲಸ ಮುಗೀತು. ಅರ್ಧ ಅರ್ಧ ಮಾಡಿ, ಸೇರ್ಸೋಕೆ ಎನ್ ಹೆಜ್ಜೆ, ಹಾಗೆ ಲಾಗ್ ಎನ್ ಹಂತ, ಒಟ್ಟು ಎನ್ ಲಾಗ್ ಎನ್. ಒಂದು ಎಚ್ಚರಿಕೆ, ಪ್ರತಿ ಹಂತದಲ್ಲೂ ವೈ ಪ್ರಕಾರ ಹೊಸದಾಗಿ ಸಾರ್ಟ್ ಮಾಡ್ತಾ ಕೂತ್ರೆ ಇನ್ನೊಂದು ಲಾಗ್ ಎನ್ ಸೇರ್ಕೊಳ್ಳುತ್ತೆ, ಅದರ ಬದ್ಲು ಮರ್ಜ್ ಸಾರ್ಟ್ ಥರ ಕೆಳಗಿಂದ ಸಾರ್ಟ್ ಆಗಿರೋ ಲಿಸ್ಟ್‌ಗಳನ್ನ ಸೇರಿಸ್ಕೊಂಡು ಬರ್ಬೇಕು. ಮತ್ತೆ ದೂರ ಹೋಲಿಸೋಕೆ ಸ್ಕ್ವೇರ್ ರೂಟ್ ಬೇಕಾಗಿಲ್ಲ, ದೂರದ ಸ್ಕ್ವೇರ್ ಹೋಲಿಸಿದ್ರೂ ಅದೇ ಉತ್ತರ.

ಇದಕ್ಕಿಂತಲೂ ಕಮ್ಮಿ ಸಮಯದಲ್ಲಿ ಆಗುತ್ತಾ ಅಂತ ಕೇಳಿದ್ರೆ, ಆಗುತ್ತೆ! ಮೈಕೆಲ್ ರೇಬಿನ್ 1976ರಲ್ಲಿ ರ‍್ಯಾಂಡಮ್ ಆಯ್ಕೆ ಉಪಯೋಗಿಸಿ ಸರಾಸರಿ ಎನ್ ಹೆಜ್ಜೆಯಲ್ಲೇ ಮುಗಿಸೋ ದಾರಿ ತೋರಿಸಿದ್ರು. ಆಮೇಲೆ ಬಂದ ಒಂದು ಸರಳ ರೂಪ ಇದೆ, ಅದನ್ನ ಹೇಳ್ತೀನಿ. ಪಾಯಿಂಟ್‌ಗಳನ್ನ ಯದ್ವಾತದ್ವಾ ಕಲಸಿ ಒಂದೊಂದಾಗಿ ತಗೊಳ್ಳಿ. ಇಲ್ಲೀವರೆಗಿನ ಕಮ್ಮಿ ದೂರ ಡಿ ಆದ್ರೆ ಪ್ಲೇನನ್ನ ಡಿ ಬದಿಯ ಚೌಕಗಳ ಗ್ರಿಡ್ ಮಾಡಿ, ಯಾವ ಚೌಕದಲ್ಲಿ ಯಾವ ಪಾಯಿಂಟ್ ಇದೆ ಅಂತ ಹ್ಯಾಶ್ ಟೇಬಲಲ್ಲಿ (ಚೌಕದ ನಂಬರ್ ಕೊಟ್ರೆ ಅಲ್ಲಿರೋದನ್ನ ಹುಡುಕದೇ ನೇರವಾಗಿ ತೆಗೆದುಕೊಡೋ ಟೇಬಲ್) ಇಟ್ಕೊಳ್ಳಿ. ಹೊಸ ಪಾಯಿಂಟ್ ಬಂದ್ರೆ ಅದರ ಚೌಕ ಮತ್ತೆ ಸುತ್ತಲಿನ ಎಂಟು ಚೌಕ ನೋಡಿದ್ರೆ ಸಾಕು, ಮೇಲೆ ಹೇಳಿದ ವಾದದಿಂದಲೇ ಒಂದು ಚೌಕದಲ್ಲಿ ನಾಲ್ಕಕ್ಕಿಂತ ಹೆಚ್ಚು ಪಾಯಿಂಟ್ ಇರಲ್ಲ. ಡಿಗಿಂತ ಹತ್ತಿರ ಯಾವುದೂ ಸಿಗ್ಲಿಲ್ಲ ಅಂದ್ರೆ ಪಾಯಿಂಟನ್ನ ಟೇಬಲಿಗೆ ಹಾಕಿ ಮುಂದೆ ಹೋಗಿ. ಸಿಕ್ತು ಅಂದ್ರೆ ಡಿ ಚಿಕ್ಕದಾಯ್ತು, ಇಡೀ ಗ್ರಿಡ್ ಹೊಸದಾಗಿ ಕಟ್ಬೇಕು.

ಇಡೀ ಗ್ರಿಡ್ ಮತ್ತೆ ಕಟ್ಟೋದು ಅಂದ್ರೆ ದುಬಾರಿ ಅಲ್ವಾ ಅನ್ಸುತ್ತೆ. ಈಗ ಹಿಂದಿನಿಂದ ಯೋಚ್ನೆ ಮಾಡಿ. ನೂರು ಪಾಯಿಂಟ್ ಹಾಕಿ ಆಗಿದೆ, ಈ ನೂರರಲ್ಲಿ ಹತ್ತಿರದ ಜೋಡಿ ಅಂತ ಎರಡು ಪಾಯಿಂಟ್ ಇವೆ. ನೂರನೇದು ಹಾಕಿದಾಗ ಡಿ ಬದಲಾಗಿರ್ಬೇಕು ಅಂದ್ರೆ ನೂರನೇದಾಗಿ ಬಂದಿದ್ದು ಆ ಎರಡರಲ್ಲಿ ಒಂದಾಗಿರ್ಬೇಕು. ಎಲ್ಲಾ ಕಲಸಿ ಇಟ್ಟಿರೋದ್ರಿಂದ ಕೊನೇಲಿ ಬರೋ ಅವಕಾಶ ನೂರಕ್ಕೂ ಸಮ, ಹಾಗಾಗಿ ಡಿ ಬದಲಾಗೋ ಸಾಧ್ಯತೆ ಹೆಚ್ಚಂದ್ರೆ ನೂರರಲ್ಲಿ ಎರಡು. ಕಟ್ಟೋ ಖರ್ಚು ನೂರು, ಸಾಧ್ಯತೆ ನೂರರಲ್ಲಿ ಎರಡು, ಗುಣಿಸಿದ್ರೆ ಎರಡು. ಸಾವಿರನೇ ಪಾಯಿಂಟಿಗೂ ಎರಡೇ, ಲಕ್ಷನೇದಕ್ಕೂ ಎರಡೇ. ಒಟ್ಟು ಗ್ರಿಡ್ ಕಟ್ಟೋ ಸರಾಸರಿ ಖರ್ಚು ಎರಡು ಎನ್, ಮುಗೀತು. ರ‍್ಯಾಂಡಮ್ ಅಲ್ಗಾರಿದಮ್ ಅಂದ್ರೆ ಅದೃಷ್ಟದ ಮೇಲೆ ಬಿಡೋದು ಅನ್ನೋರಿಗೆ ನಾನು ಇದನ್ನೇ ತೋರ್ಸೋದು, ಇನ್‌ಪುಟ್ ಎಷ್ಟೇ ಕೆಟ್ಟದಾಗಿದ್ರೂ ಈ ಲೆಕ್ಕ ನಿಲ್ಲುತ್ತೆ, ಯಾಕಂದ್ರೆ ಕಲಸಿದ್ದು ನಾವು. ಉತ್ತರ ಅಂತೂ ಯಾವಾಗ್ಲೂ ಸರಿ, ಸಮಯ ಮಾತ್ರ ಆಚೆ ಈಚೆ ಆಗುತ್ತೆ.

ಹೋಲಿಕೆ ಮತ್ತೆ ಕೂಡೋ ಗುಣಿಸೋ ಲೆಕ್ಕ ಇಷ್ಟೇ ಬಳಸ್ಬೇಕು ಅಂದ್ರೆ ಈ ಪ್ರಶ್ನೆಗೆ ಎನ್ ಲಾಗ್ ಎನ್‌ಗಿಂತ ಕಮ್ಮಿ ಆಗಲ್ಲ ಅಂತ ಸಾಬೀತಾಗಿದೆ. ಹಾಗಾದ್ರೆ ರೇಬಿನ್ ಆ ನಿಯಮ ಹೇಗೆ ದಾಟಿದ್ರು? ಗ್ರಿಡ್ ಚೌಕದ ನಂಬರ್ ತಿಳಿಯೋಕೆ ಭಾಗಿಸಿ ದಶಮಾಂಶ ಬಿಸಾಕ್ತೀವಲ್ಲ, ಆ ಒಂದು ಆಪರೇಷನ್ ಆ ನಿಯಮದ ಲೆಕ್ಕದಲ್ಲಿ ಇರಲಿಲ್ಲ. ಜೊತೆಗೆ ಹ್ಯಾಶಿಂಗ್. ಅದಕ್ಕೇ ಯಾರಾದ್ರೂ ಇದಕ್ಕಿಂತ ವೇಗವಾಗಿ ಆಗಲ್ಲ ಅಂದ್ರೆ ಯಾವ ಯಾವ ಆಪರೇಷನ್ ಲೆಕ್ಕಕ್ಕೆ ತಗೊಂಡಿದಾರೆ ಅಂತ ಮೊದ್ಲು ಕೇಳ್ಬೇಕು.

ಈಗ ಕಾನ್ವೆಕ್ಸ್ ಹಲ್. ಹಲಗೆ ಮೇಲೆ ಮೊಳೆ ಹೊಡೆದು ಸುತ್ತ ರಬ್ಬರ್ ಬ್ಯಾಂಡ್ ಹಾಕಿದ್ರೆ ಹೊರಗಿನ ಕೆಲವು ಮೊಳೆಗಳನ್ನ ಮಾತ್ರ ಅದು ಮುಟ್ಟುತ್ತಲ್ಲ, ಆ ಆಕಾರ. 1960ರ ದಶಕದ ಕೊನೇಲಿ ಬೆಲ್ ಲ್ಯಾಬ್ಸ್ ಅನ್ನೋ ಅಮೆರಿಕದ ಸಂಶೋಧನಾ ಸಂಸ್ಥೆಯಲ್ಲಿ ಸುಮಾರು 10,000 ಪಾಯಿಂಟ್‌ಗಳಿಗೆ ಇದು ಬೇಕಾಗಿತ್ತು, ಇದ್ದ ಎನ್ ಸ್ಕ್ವೇರ್ ವಿಧಾನ ಆಗಿನ ಮಷೀನಿಗೆ ತುಂಬಾ ನಿಧಾನ. ಅಲ್ಲಿದ್ದ ರೊನಾಲ್ಡ್ ಗ್ರಹಾಂ 1972ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ಮೊದಲ ಪಾಠ. ಹೊರಗಡೆ ಇರೋದು ಖಚಿತ ಇರೋ ಒಂದು ಪಾಯಿಂಟ್ ಹಿಡ್ಕೊಂಡು ಉಳಿದವನ್ನ ಕೋನದ ಪ್ರಕಾರ ಸಾರ್ಟ್ ಮಾಡಿ, ಒಂದೊಂದೇ ಸ್ಟ್ಯಾಕಿಗೆ (ಕೊನೇಲಿ ಇಟ್ಟಿದ್ದನ್ನೇ ಮೊದ್ಲು ತೆಗೆಯೋ ಲಿಸ್ಟ್) ಹಾಕ್ತಾ ಹೋಗಿ, ಕೊನೆಯ ಮೂರು ಪಾಯಿಂಟ್ ಎಡಕ್ಕೆ ತಿರುಗದೇ ಬಲಕ್ಕೆ ತಿರುಗಿದ್ರೆ ಮಧ್ಯದ್ದನ್ನ ಕಿತ್ತಾಕಿ. ಆಂಡ್ರ್ಯೂ 1979ರಲ್ಲಿ ಕೊಟ್ಟ ರೂಪ ಇನ್ನೂ ಚೆನ್ನಾಗಿದೆ, ಕೋನ ಬೇಡ, ಎಕ್ಸ್ ಪ್ರಕಾರ ಸಾರ್ಟ್ ಮಾಡಿ ಕೆಳಗಿನ ಅಂಚು ಒಂದ್ಸಲ ಮೇಲಿನ ಅಂಚು ಒಂದ್ಸಲ ಕಟ್ಟಿದ್ರೆ ಆಯ್ತು. ಬರೆಯೋದಾದ್ರೆ ನಾನು ಯಾವಾಗ್ಲೂ ಇದನ್ನೇ ಬರೆಯೋದು, ಕೋನ ಲೆಕ್ಕ ಹಾಕೋಕೆ ಹೋದ್ರೆ ಇಲ್ಲದ ತಲೆನೋವೆಲ್ಲ ಒಟ್ಟಿಗೆ ಬರುತ್ತೆ.

ಒಂದು ಹೊಸ ಪಾಯಿಂಟ್ ಬಂದಾಗ ಹತ್ತಾರು ಹಳೇ ಪಾಯಿಂಟ್ ಕೀಳಬೇಕಾಗಿ ಬರಬಹುದು, ಹಾಗಾದ್ರೆ ಲೆಕ್ಕ ಜಾಸ್ತಿ ಆಗಲ್ವಾ? ಇಲ್ಲ, ಒಂದು ಪಾಯಿಂಟ್ ಸ್ಟ್ಯಾಕಿಗೆ ಹೋಗೋದು ಒಂದೇ ಸಲ, ಹೊರಗೆ ಬರೋದು ಹೆಚ್ಚಂದ್ರೆ ಒಂದೇ ಸಲ, ಕಿತ್ತ ಮೇಲೆ ಮತ್ತೆ ಅದರ ಸುದ್ದಿ ಇಲ್ಲ. ಅದಕ್ಕೂ ಕಾರಣ ಜಾಮೆಟ್ರೀನೇ, ಒಮ್ಮೆ ಒಳಗೆ ಬಿದ್ದ ಪಾಯಿಂಟ್ ಆಮೇಲೆ ಎಷ್ಟೇ ಪಾಯಿಂಟ್ ಸೇರಿದ್ರೂ ಹೊರ ಅಂಚಿಗೆ ಬರೋಕಾಗಲ್ಲ. ಸಾರ್ಟ್ ಬಿಟ್ರೆ ಉಳಿದ ಕೆಲಸ ಎನ್ ಅಷ್ಟೇ. ಇದೇ ಸತ್ಯದ ಮೇಲೆ ಅಕ್ಲ್ ಮತ್ತೆ ಟೂಸೈಂಟ್ 1978ರಲ್ಲಿ ಇನ್ನೊಂದು ಉಪಾಯ ಕೊಟ್ರು: ತೀರಾ ಎಡ, ತೀರಾ ಬಲ, ತೀರಾ ಮೇಲೆ, ತೀರಾ ಕೆಳಗೆ ಇರೋ ನಾಲ್ಕು ಪಾಯಿಂಟ್ ಸೇರ್ಸಿ ಒಂದು ಚತುರ್ಭುಜ ಮಾಡಿ, ಅದರೊಳಗಿನ ಪಾಯಿಂಟ್‌ಗಳನ್ನ ಸಾರ್ಟ್ ಮಾಡೋಕ್ಕೂ ಮುಂಚೆ ಬಿಸಾಕಿ. ನಾಲ್ಕು ಸಾಲಿನ ಕೋಡು, ಪಾಯಿಂಟ್‌ಗಳು ಚೆನ್ನಾಗಿ ಹರಡಿಕೊಂಡಿದ್ರೆ ದೊಡ್ಡ ಪಾಲು ಅಲ್ಲೇ ಕಮ್ಮಿ ಆಗುತ್ತೆ.

ಸಾರ್ಟ್ ಇಲ್ದೇ ಹಲ್ ಮಾಡೋಕಾಗುತ್ತಾ? ಈ ಪ್ರಶ್ನೆಗೆ ಇರೋ ಉತ್ತರ ನೋಡಿ ಎಷ್ಟು ಚೊಕ್ಕವಾಗಿದೆ. ನಿಮ್ಮ ಹತ್ರ ಒಂದಿಷ್ಟು ಸಂಖ್ಯೆ ಇವೆ, ಪ್ರತಿ ಸಂಖ್ಯೆ ಎಕ್ಸ್‌ಗೆ ಎಕ್ಸ್, ಎಕ್ಸ್ ಸ್ಕ್ವೇರ್ ಅನ್ನೋ ಪಾಯಿಂಟ್ ಇಡಿ. ಎಲ್ಲಾ ಪಾಯಿಂಟೂ ಪ್ಯಾರಾಬೋಲಾ ಮೇಲೆ ಬರ್ತವೆ, ಪ್ಯಾರಾಬೋಲಾ ಬಾಗಿರೋದು ಒಂದೇ ಕಡೆಗೆ, ಹಾಗಾಗಿ ಎಲ್ಲವೂ ಹಲ್ ಮೇಲೇ ಇರ್ತವೆ, ಹಲ್ ಸುತ್ತ ಒಂದು ಸುತ್ತು ಓದ್ಕೊಂಡು ಬಂದ್ರೆ ಸಂಖ್ಯೆಗಳು ಸಾರ್ಟ್ ಆಗಿರ್ತವೆ. ಹಲ್ ಅನ್ನೋದು ಎನ್ ಲಾಗ್ ಎನ್‌ಗಿಂತ ಬೇಗ ಸಿಗೋ ಹಾಗಿದ್ರೆ ಸಾರ್ಟೂ ಸಿಗಬೇಕಿತ್ತು, ಹೋಲಿಕೆ, ಕೂಡೋ ಗುಣಿಸೋ ಲೆಕ್ಕ ಇಷ್ಟರಲ್ಲೇ ಅದು ಆಗಲ್ಲ ಅಂತ ಗೊತ್ತು. ಈ ಪ್ಯಾರಾಬೋಲಾನ ನೆನಪಲ್ಲಿ ಇಟ್ಕೊಳ್ಳಿ, ಕೊನೇಲಿ ಇದರ ಅಣ್ಣ ಒಬ್ಬ ಬರ್ತಾನೆ.

ಆದ್ರೆ ಈ ವಾದದಲ್ಲಿ ಎಲ್ಲಾ ಪಾಯಿಂಟೂ ಹಲ್ ಮೇಲಿವೆ. ನಿಜವಾದ ಡೇಟಾದಲ್ಲಿ ಹಾಗಿರೋದು ಅಪರೂಪ. ಒಂದು ಚೌಕದೊಳಗೆ ಪಾಯಿಂಟ್‌ಗಳನ್ನ ಸಮನಾಗಿ ಯಾದೃಚ್ಛಿಕವಾಗಿ ಎರಚಿದ್ರೆ ಹಲ್ ಮೇಲೆ ಬರೋ ಸಂಖ್ಯೆ ಲಾಗ್ ಎನ್ ಲೆಕ್ಕದಲ್ಲಿ ಬೆಳೆಯುತ್ತೆ ಅಂತ ರೆನ್ಯಿ ಮತ್ತೆ ಸುಲಾಂಕೆ 1963ರಲ್ಲೇ ತೋರಿಸಿದ್ದಾರೆ, ಹತ್ತು ಲಕ್ಷ ಪಾಯಿಂಟ್ ಎರಚಿದ್ರೂ ಸರಾಸರಿ ನಲವತ್ತಕ್ಕಿಂತ ಕಮ್ಮಿ! ನಲವತ್ತು ಪಾಯಿಂಟ್ ಹುಡುಕೋಕೆ ಹತ್ತು ಲಕ್ಷ ಸಾರ್ಟ್ ಮಾಡ್ಬೇಕಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಹಲ್ ಮೇಲೆ ಹೆಚ್ ಪಾಯಿಂಟ್ ಇದ್ರೆ ಎನ್ ಇಂಟು ಲಾಗ್ ಹೆಚ್ ಸಮಯ ಸಾಕು ಅಂತ ಕರ್ಕ್‌ಪ್ಯಾಟ್ರಿಕ್ ಮತ್ತೆ ಸೈಡೆಲ್ 1986ರಲ್ಲಿ ತೋರಿಸಿದ್ರು, ಅವರ ಅಲ್ಗಾರಿದಮ್ ಸ್ವಲ್ಪ ಗಟ್ಟಿ ಕಾಯಿ. ಹತ್ತು ವರ್ಷದ ನಂತ್ರ, 1996ರಲ್ಲಿ, ಟಿಮೊಥಿ ಚಾನ್ ಅದೇ ಸಮಯಾನ ಎರಡು ಹಳೇ ಅಲ್ಗಾರಿದಮ್ ಜೋಡಿಸಿ ಸಾಧಿಸಿದ್ರು.

ಹೇಗೆ ಅಂದ್ರೆ, ಪಾಯಿಂಟ್‌ಗಳನ್ನ ಎಮ್ ಪಾಯಿಂಟಿನ ಗುಂಪುಗಳಾಗಿ ಒಡೀರಿ, ಪ್ರತಿ ಗುಂಪಿಗೂ ಗ್ರಹಾಂ ವಿಧಾನದಲ್ಲಿ ಪುಟ್ಟ ಹಲ್ ಮಾಡಿ, ಎಲ್ಲಾ ಸೇರಿ ಎನ್ ಲಾಗ್ ಎಮ್. ಆಮೇಲೆ ಜಾರ್ವಿಸ್ 1973ರಲ್ಲಿ ಕೊಟ್ಟ ಹಾಗೆ ಹೊರಗಿನ ಒಂದು ಪಾಯಿಂಟಿಂದ ಶುರು ಮಾಡಿ ಮುಂದಿನದು ಯಾವುದು, ಅದರ ಮುಂದಿನದು ಯಾವುದು ಅಂತ ಸುತ್ತಿಕೊಂಡು ಹೋಗಿ. ಜಾರ್ವಿಸ್ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ಎಲ್ಲಾ ಪಾಯಿಂಟ್ ನೋಡ್ಬೇಕು, ಇಲ್ಲಿ ಹಾಗಿಲ್ಲ, ಪ್ರತಿ ಪುಟ್ಟ ಹಲ್ ಮೇಲೂ ಬೈನರಿ ಸರ್ಚ್ (ಪ್ರತಿ ಸಲ ಅರ್ಧ ಬಿಟ್ಟು ಹುಡುಕೋದು) ಮಾಡಿದ್ರೆ ಆ ಗುಂಪಿನ ಒಬ್ಬನೇ ಅಭ್ಯರ್ಥಿ ಸಿಗ್ತಾನೆ. ಎಮ್ ಅನ್ನೋದು ಹೆಚ್‌ಗಿಂತ ಸ್ವಲ್ಪ ಮಾತ್ರ ದೊಡ್ಡದಿದ್ರೆ ಎಲ್ಲಾ ಸರಿಹೋಗುತ್ತೆ, ಆದ್ರೆ ಹೆಚ್ ಎಷ್ಟು ಅಂತ ಮೊದ್ಲೇ ಯಾರಿಗೆ ಗೊತ್ತು? ಅದಕ್ಕೆ ಊಹೆ ಮಾಡ್ತಾ ಹೋಗೋದು: ಎಮ್ ಮೊದ್ಲು 4, ಆಮೇಲೆ 16, ಆಮೇಲೆ 256, ಆಮೇಲೆ 65,536. ಎಮ್ ಹೆಜ್ಜೆ ಒಳಗೆ ಸುತ್ತು ಮುಗೀಲಿಲ್ಲ ಅಂದ್ರೆ ಊಹೆ ಚಿಕ್ಕದಾಯ್ತು ಅಂತ, ಎಲ್ಲಾ ಬಿಟ್ಟು ಮುಂದಿನ ಊಹೆ. ಪ್ರತಿ ಸಲ ಸ್ಕ್ವೇರ್ ಮಾಡೋದ್ರಿಂದ ಲಾಗ್ ಎಮ್ ಅನ್ನೋದು 2, 4, 8, 16 ಹೀಗೆ ಡಬಲ್ ಆಗುತ್ತೆ, ಹಿಂದೆ ವ್ಯರ್ಥ ಆದ ಕೆಲಸವೆಲ್ಲ ಕೂಡಿದ್ರೂ ಕೊನೇ ಸಲದ ಕೆಲಸಕ್ಕಿಂತ ಕಮ್ಮೀನೇ. ಗೊತ್ತಿಲ್ಲದ ಸಂಖ್ಯೆಯನ್ನ ಈ ಥರ ಊಹೆ ಮಾಡ್ತಾ ಹಿಡಿಯೋದು ಜಾಮೆಟ್ರಿ ಆಚೆಗೂ ಎಷ್ಟೋ ಕಡೆ ಕೆಲಸಕ್ಕೆ ಬರುತ್ತೆ.

ಸ್ವೀಪ್ ಲೈನ್ ಬಗ್ಗೆ ಹೇಳ್ದೇ ಇರೋಕಾಗಲ್ಲ. ಎನ್ ಗೆರೆ ತುಂಡುಗಳಿವೆ, ಯಾವ್ಯಾವುದು ಎಲ್ಲೆಲ್ಲಿ ಒಂದನ್ನೊಂದು ಕತ್ತರಿಸ್ತವೆ ಅಂತ ಎಲ್ಲಾ ಬೇಕು. ಮ್ಯಾಪಲ್ಲಿ ರಸ್ತೆ ಲೇಯರ್ ಮೇಲೆ ನದಿ ಲೇಯರ್ ಇಟ್ಟಾಗ ಇದೇ ಪ್ರಶ್ನೆ, ಚಿಪ್ ಡಿಸೈನಲ್ಲೂ ಇದೇ ಪ್ರಶ್ನೆ. ಬೆಂಟ್ಲಿ ಮತ್ತೆ ಓಟ್‌ಮನ್ 1979ರಲ್ಲಿ ಹೇಳಿದ್ದು ಹೀಗೆ: ಒಂದು ಲಂಬ ಗೆರೆ ಎಡದಿಂದ ಬಲಕ್ಕೆ ಸಾಗ್ತಿದೆ ಅಂದ್ಕೊಳ್ಳಿ, ಆ ಕ್ಷಣಕ್ಕೆ ಅದನ್ನ ಮುಟ್ತಿರೋ ತುಂಡುಗಳನ್ನ ಮೇಲಿಂದ ಕೆಳಕ್ಕೆ ಒಂದು ಬ್ಯಾಲೆನ್ಸ್ಡ್ ಟ್ರೀನಲ್ಲಿ (ಕ್ರಮ ಕೆಡದೇ ಲಾಗ್ ಎನ್ ಹೆಜ್ಜೆಯಲ್ಲಿ ಸೇರಿಸೋಕೂ ತೆಗೆಯೋಕೂ ಆಗೋ ರಚನೆ) ಇಟ್ಕೊಳ್ಳಿ. ಎರಡು ತುಂಡುಗಳು ಕತ್ತರಿಸೋಕೆ ಸ್ವಲ್ಪ ಮುಂಚೆ ಆ ಕ್ರಮದಲ್ಲಿ ಅವು ಪಕ್ಕಪಕ್ಕ ಬಂದೇ ಬರ್ಬೇಕು, ಮಧ್ಯ ಇನ್ಯಾವುದೋ ಇದ್ರೆ ಕತ್ತರಿಸೋದು ಹೇಗೆ? ಹಾಗಾಗಿ ಹೊಸದಾಗಿ ಪಕ್ಕಪಕ್ಕ ಬಂದವರನ್ನ ಮಾತ್ರ ಟೆಸ್ಟ್ ಮಾಡಿ. ಹೊಸಬರು ಪಕ್ಕಕ್ಕೆ ಬರೋದು ಮೂರೇ ಸಂದರ್ಭದಲ್ಲಿ, ಒಂದು ತುಂಡು ಶುರುವಾದಾಗ, ಒಂದು ತುಂಡು ಮುಗಿದಾಗ, ಎರಡು ತುಂಡು ಕತ್ತರಿಸಿ ಮೇಲೆ ಕೆಳಗೆ ಅದಲು ಬದಲಾದಾಗ. ಗೆರೆ ಈ ಜಾಗಗಳಿಂದ ಜಾಗಕ್ಕೆ ಹಾರಿಕೊಂಡು ಹೋದ್ರೆ ಸಾಕು, ಮಧ್ಯದ ಪ್ರಯಾಣದಲ್ಲಿ ಏನೂ ನಡೆಯಲ್ಲ. ಮುಂದಿನ ಜಾಗ ಯಾವುದು ಅಂತ ಒಂದು ಪ್ರಯಾರಿಟಿ ಕ್ಯೂ, ಅಂದ್ರೆ ಯಾವಾಗ್ಲೂ ಮೊದ್ಲು ಬರೋದನ್ನೇ ತೆಗೆದುಕೊಡೋ ಸಾಲು, ಹೇಳುತ್ತೆ.

ಕತ್ತರಿಸೋ ಜಾಗಗಳು ಕೆ ಇದ್ರೆ ಸಮಯ ಎನ್ ಪ್ಲಸ್ ಕೆ, ಅದಕ್ಕೆ ಲಾಗ್ ಎನ್ ಗುಣಿಸಿ. ಇಲ್ಲಿ ಕಣ್ಣು ಬಿಟ್ಟು ನೋಡ್ಬೇಕಾದ ವಿಷಯ ಇದೆ, ಹೆಚ್ಚು ಕಮ್ಮಿ ಎಲ್ಲಾ ಗೆರೇನೂ ಎಲ್ಲಾ ಗೆರೆನ ಕತ್ತರಿಸೋ ಡೇಟಾ ಆದ್ರೆ ಕೆ ಅನ್ನೋದೇ ಎನ್ ಸ್ಕ್ವೇರ್ ಹತ್ರ ಹೋಗುತ್ತೆ, ಆಗ ಬಡಪಾಯಿ ಎರಡು ಲೂಪಿನ ಕೋಡೇ ಇದಕ್ಕಿಂತ ವೇಗ. ಶಝೆಲ್ ಮತ್ತೆ ಎಡೆಲ್ಸ್‌ಬ್ರುನರ್ ಆಮೇಲೆ ಎನ್ ಲಾಗ್ ಎನ್ ಪ್ಲಸ್ ಕೆ ತಲುಪಿದ್ರು, ಬಾಲಾಬನ್ 1995ರಲ್ಲಿ ಅದನ್ನ ಕಮ್ಮಿ ಮೆಮೊರಿಯಲ್ಲೇ ಮಾಡಿದ್ರು. ಆದ್ರೂ ಜನ ಬರೆಯೋದು ಬೆಂಟ್ಲಿ ಓಟ್‌ಮನ್ನೇ, ನಿಜವಾದ ಮ್ಯಾಪ್‌ಗಳಲ್ಲಿ ಕೆ ಸಾಮಾನ್ಯವಾಗಿ ಅಷ್ಟು ದೊಡ್ಡದಿರಲ್ಲ. ಬಹುಭುಜಾಕೃತಿಯನ್ನ ತ್ರಿಕೋನಗಳಾಗಿ ಒಡೆಯೋ ವಿಷಯದಲ್ಲೂ ಇದೇ ಕಥೆ, ಶಝೆಲ್ 1991ರಲ್ಲಿ ಎನ್ ಸಮಯದ ಅಲ್ಗಾರಿದಮ್ ಕೊಟ್ರು, ಥಿಯರಿಯಲ್ಲಿ ಅದು ಬಹು ದೊಡ್ಡ ಸಾಧನೆ, ಆದ್ರೆ ಅದು ಎಷ್ಟು ಜಟಿಲ ಅಂದ್ರೆ ಕೆಲಸದ ಕೋಡಲ್ಲಿ ಅದರ ಬದ್ಲು ಎನ್ ಲಾಗ್ ಎನ್ ವಿಧಾನಗಳನ್ನೋ ಸೈಡೆಲ್ ಅವರ ರ‍್ಯಾಂಡಮ್ ವಿಧಾನವನ್ನೋ ಬಳಸ್ತಾರೆ.

ಇಷ್ಟೆಲ್ಲ ಹೇಳಿ ಸಂಖ್ಯೆಗಳ ವಿಷಯ ಬಿಟ್ರೆ ಅನ್ಯಾಯ ಆಗುತ್ತೆ. ಮೇಲಿನ ಹಲ್ ಕೋಡ್ ನಿಂತಿರೋದು ಒಂದೇ ಪ್ರಶ್ನೆ ಮೇಲೆ, ಮೂರು ಪಾಯಿಂಟ್ ಎಡಕ್ಕೆ ತಿರುಗ್ತಾವಾ ಬಲಕ್ಕಾ ನೇರಾನಾ, ಸ್ವೀಪ್ ಲೈನ್ ಟೆಸ್ಟ್‌ಗಳೂ ಕೊನೆಗೆ ಇಲ್ಲಿಗೇ ಬಂದು ನಿಲ್ತವೆ. ಎರಡು ಗುಣಾಕಾರ ಮಾಡಿ ಕಳೆದು ಬರೋ ಕ್ರಾಸ್ ಪ್ರಾಡಕ್ಟಿನ ಚಿಹ್ನೆ ಮಾತ್ರ ನಮಗೆ ಬೇಕು. ಡಬಲ್ ಅನ್ನೋ ಫ್ಲೋಟಿಂಗ್ ಪಾಯಿಂಟ್ ಸಂಖ್ಯೇಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡೋ ಮಾಮೂಲಿ ರೂಪ) ಇರೋದು 53 ಬಿಟ್ ನಿಖರತೆ, ಪಾಯಿಂಟ್‌ಗಳು ಹೆಚ್ಚು ಕಮ್ಮಿ ಒಂದೇ ಗೆರೆ ಮೇಲಿದ್ರೆ ಕಳೆದ ಮೇಲೆ ಉಳಿಯೋದು ಬರೀ ದುಂಡಾಗಿಸಿದ ಕಸ, ಚಿಹ್ನೆ ಪ್ಲಸ್ ಬಂದ್ರೂ ಬರಬಹುದು ಮೈನಸ್ ಬಂದ್ರೂ ಬರಬಹುದು. ಬೇರೆ ಕಡೆ ಸಣ್ಣ ತಪ್ಪಿಗೆ ಉತ್ತರದಲ್ಲಿ ಸಣ್ಣ ವ್ಯತ್ಯಾಸ ಆಗುತ್ತೆ, ಇಲ್ಲಿ ಹಾಗಲ್ಲ, ಒಂದು ಚಿಹ್ನೆ ತಪ್ಪಿದ್ರೆ ಇಡೀ ಹಲ್ ಬೇರೆ ಆಕಾರ ಆಗಬಹುದು, ಸ್ವೀಪ್ ಲೈನ್ ಟ್ರೀ ಕ್ರಮ ಕೆಟ್ಟು ಪ್ರೋಗ್ರಾಮೇ ಬಿದ್ದೋಗಬಹುದು. ಎಪ್ಸಿಲಾನ್ ಅಂತ ಒಂದು ಪುಟ್ಟ ಸಂಖ್ಯೆ ಇಟ್ಟು ಅದಕ್ಕಿಂತ ಚಿಕ್ಕದನ್ನ ಸೊನ್ನೆ ಅನ್ನೋ ಪದ್ಧತಿ ತುಂಬಾ ಕಡೆ ಇದೆ, ನಂಗೆ ಅದು ಒಪ್ಪಿಗೆ ಇಲ್ಲ. ಮೊದಲನೇದು ಎರಡನೇದಕ್ಕೆ ಸಮ, ಎರಡನೇದು ಮೂರನೇದಕ್ಕೆ ಸಮ, ಆದ್ರೆ ಮೊದಲನೇದು ಮೂರನೇದಕ್ಕೆ ಸಮ ಅಲ್ಲ ಅನ್ನೋ ಪರಿಸ್ಥಿತಿ ಬರುತ್ತೆ, ಆಮೇಲೆ ಸಾರ್ಟ್ ಕೂಡ ನಂಬೋಕಾಗಲ್ಲ.

ಪೂರ್ಣಾಂಕದಲ್ಲಿ ಮಾಡೋಕಾಗುತ್ತೆ ಅಂದ್ರೆ ಕಣ್ಣು ಮುಚ್ಚಿ ಪೂರ್ಣಾಂಕ ಬಳಸಿ. ಕೋಆರ್ಡಿನೇಟ್‌ಗಳು ಸೊನ್ನೆಯ ಆ ಕಡೆ ಈ ಕಡೆ 100 ಕೋಟಿವರೆಗೆ ಇದ್ರೆ ವ್ಯತ್ಯಾಸ ಹೆಚ್ಚಂದ್ರೆ 200 ಕೋಟಿ, ಒಂದು ಗುಣಾಕಾರ 4 ಇಂಟು 10ರ ಘಾತ 18, ಎರಡು ಸೇರಿ ಹೆಚ್ಚಂದ್ರೆ 8 ಇಂಟು 10ರ ಘಾತ 18. 64 ಬಿಟ್ ಸಂಖ್ಯೆ 9.22 ಇಂಟು 10ರ ಘಾತ 18ವರೆಗೆ ಹಿಡಿಯುತ್ತೆ, ಹಾಗಾಗಿ ಕೂತ್ಕೊಳ್ಳುತ್ತೆ. ದೂರದ ಸ್ಕ್ವೇರಿಗೂ ಇದೇ ಲೆಕ್ಕ. ದಶಮಾಂಶ ಬೇಕೇ ಬೇಕು ಅಂದ್ರೆ ಜೊನಾಥನ್ ಶೂಚಕ್ 1990ರ ದಶಕದಲ್ಲಿ ಮಾಡಿದ ಅಡಾಪ್ಟಿವ್ ವಿಧಾನ ಇದೆ: ಮೊದ್ಲು ಮಾಮೂಲಿ ಫ್ಲೋಟಿಂಗ್ ಪಾಯಿಂಟಲ್ಲಿ ಬೇಗ ಲೆಕ್ಕ ಹಾಕಿ, ತಪ್ಪು ಹೆಚ್ಚಂದ್ರೆ ಎಷ್ಟಿರಬಹುದು ಅಂತಾನೂ ಲೆಕ್ಕ ಹಾಕಿ, ಉತ್ತರ ಆ ಮಿತಿಗಿಂತ ದೊಡ್ಡದಿದ್ರೆ ಚಿಹ್ನೆ ನಂಬಬಹುದು, ಇಲ್ಲಾಂದ್ರೆ ಮಾತ್ರ ನಿಖರ ಲೆಕ್ಕಕ್ಕೆ ಇಳೀರಿ. ಬಹುಪಾಲು ಸಲ ಮೊದಲ ಹೆಜ್ಜೆಯಲ್ಲೇ ಮುಗಿಯುತ್ತೆ. ನೋಡಿ, ಇಲ್ಲೂ ಬೇಡದ ಕೆಲಸಾನ ಸಾಕ್ಷಿ ಸಮೇತ ಬಿಡೋದೇ ಉಪಾಯ. 1996ರಲ್ಲಿ ಶುರುವಾದ ಸಿಗಾಲ್ (CGAL) ಅನ್ನೋ ಜಾಮೆಟ್ರಿ ಕೋಡ್ ಲೈಬ್ರರಿ ಕೂಡ ಇದೇ ಮನೋಭಾವದ್ದು, ದೊಡ್ಡ ಕೆಲಸ ಇದ್ರೆ ಸ್ವಂತ ಬರೆಯೋ ಬದ್ಲು ಅದನ್ನ ಬಳಸಿ.

ಇನ್ನು ಆ ಪ್ಯಾರಾಬೋಲಾದ ಅಣ್ಣ. ಎನ್ ಪಾಯಿಂಟ್ ಕೊಟ್ಟಿದಾರೆ, ಯಾವುದಾದ್ರೂ ಮೂರು ಪಾಯಿಂಟ್ ಒಂದೇ ಗೆರೆ ಮೇಲೆ ಇವೆಯಾ ಅಂತ ಹೇಳ್ಬೇಕು. ಕೇಳೋಕೆ ಹತ್ತಿರದ ಜೋಡಿಗಿಂತ ಸುಲಭ ಅನ್ಸುತ್ತೆ ಅಲ್ವಾ. ಒಂದೊಂದು ಪಾಯಿಂಟಿಂದ ಉಳಿದವಕ್ಕೆಲ್ಲ ಇಳಿಜಾರು ಲೆಕ್ಕ ಹಾಕಿ ಹ್ಯಾಶ್ ಟೇಬಲಲ್ಲಿ ಹಾಕ್ತಾ ಹೋದ್ರೆ, ಒಂದೇ ಇಳಿಜಾರು ಎರಡು ಸಲ ಬಂದ್ರೆ ಸಿಕ್ತು, ಸರಾಸರಿ ಎನ್ ಸ್ಕ್ವೇರ್. ಎನ್ ಸ್ಕ್ವೇರ್‌ಗೆ ಇನ್ನೂ ಚೆಂದದ ದಾರಿಗಳಿವೆ, ಪಾಯಿಂಟನ್ನ ಗೆರೆಯಾಗಿ ಗೆರೆನ ಪಾಯಿಂಟಾಗಿ ಬದಲಾಯಿಸೋ ಡ್ಯುಯಾಲಿಟಿ ಬಳಸಿ. ಆದ್ರೆ ಅಲ್ಲಿಂದ ಕೆಳಕ್ಕೆ ಇಳಿಯೋಕೆ ಹೋದ್ರೆ ದಾರೀನೇ ಸಿಗಲ್ಲ, "ಈ ಜೋಡಿ ನೋಡ್ಬೇಡ" ಅಂತ ಗ್ಯಾರಂಟಿ ಕೊಡೋ ಸತ್ಯ ಇಲ್ಲಿ ಯಾರಿಗೂ ಸಿಕ್ಕಿಲ್ಲ. ಹತ್ತಿರದ ಜೋಡಿಯಲ್ಲಿ ದೂರ ಇರೋದನ್ನ ಬಿಡಬಹುದಿತ್ತು, ಹಲ್‌ನಲ್ಲಿ ಒಳಗಿರೋದನ್ನ ಬಿಡಬಹುದಿತ್ತು, ಒಂದೇ ಗೆರೆ ಮೇಲಿರೋ ಮೂರು ಪಾಯಿಂಟ್ ಎಷ್ಟು ದೂರ ದೂರ ಬೇಕಾದ್ರೂ ಇರಬಹುದು, ಎಲ್ಲಿ ಬೇಕಾದ್ರೂ ಇರಬಹುದು.

ಗಾಜೆಂಟಾನ್ ಮತ್ತೆ ಓವರ್‌ಮಾರ್ಸ್ 1995ರಲ್ಲಿ ಇದಕ್ಕೊಂದು ಕಾರಣ ಕೊಟ್ರು. ಒಂದಿಷ್ಟು ಬೇರೆ ಬೇರೆ ಸಂಖ್ಯೆಗಳಲ್ಲಿ ಯಾವುದಾದ್ರೂ ಮೂರು ಕೂಡಿದ್ರೆ ಸೊನ್ನೆ ಬರುತ್ತಾ ಅಂತ ಒಂದು ಪ್ರಶ್ನೆ ಇದೆ, ತ್ರೀಸಮ್ (3SUM) ಅಂತಾರೆ. ಪ್ರತಿ ಸಂಖ್ಯೆ ಎಕ್ಸ್‌ಗೆ ಎಕ್ಸ್, ಎಕ್ಸ್ ಕ್ಯೂಬ್ ಅನ್ನೋ ಪಾಯಿಂಟ್ ಇಡಿ. ಒಂದು ಗೆರೆ ಆ ಕ್ಯೂಬಿಕ್ ಕರ್ವನ್ನ ಮೂರು ಕಡೆ ಕತ್ತರಿಸಿದ್ರೆ ಬರೋ ಸಮೀಕರಣದಲ್ಲಿ ಎಕ್ಸ್ ಸ್ಕ್ವೇರ್ ಪದಾನೇ ಇಲ್ಲ, ಅಂದ್ರೆ ಮೂರು ಮೂಲಗಳ ಮೊತ್ತ ಸೊನ್ನೆ. ಹಾಗಾಗಿ ಮೂರು ಪಾಯಿಂಟ್ ಒಂದೇ ಗೆರೆ ಮೇಲಿವೆ ಅನ್ನೋದೂ ಮೂರು ಸಂಖ್ಯೆ ಕೂಡಿದ್ರೆ ಸೊನ್ನೆ ಅನ್ನೋದೂ ಒಂದೇ ಮಾತು! ಪ್ಯಾರಾಬೋಲಾ ಹಲ್ಲನ್ನ ಸಾರ್ಟಿಗೆ ಕಟ್ಟಿಹಾಕಿದ ಹಾಗೇ ಈ ಕರ್ವ್ ಈ ಪ್ರಶ್ನೇನ ತ್ರೀಸಮ್‌ಗೆ ಕಟ್ಟಿಹಾಕುತ್ತೆ. ವ್ಯತ್ಯಾಸ ಏನಂದ್ರೆ ಸಾರ್ಟಿಗೆ ಎನ್ ಲಾಗ್ ಎನ್ ಬೇಕೇ ಬೇಕು ಅಂತ ಸಾಬೀತಾಗಿದೆ, ತ್ರೀಸಮ್‌ಗೆ ಎನ್ ಸ್ಕ್ವೇರ್ ಬೇಕು ಅನ್ನೋದು ನಂಬಿಕೆ ಮಾತ್ರ ಆಗಿತ್ತು, ಆ ನಂಬಿಕೆಯಲ್ಲೂ 2014ರಲ್ಲಿ ಗ್ರೊನ್‌ಲುಂಡ್ ಮತ್ತೆ ಪೆಟ್ಟಿ ಒಂದು ಸಣ್ಣ ಬಿರುಕು ತಂದ್ರು, ಲಾಗ್ ಲೆಕ್ಕದಷ್ಟು ಕೂದಲೆಳೆಯ ಉಳಿತಾಯ ಸಾಧ್ಯ ಅಂತ ತೋರಿಸಿ. ಎನ್‌ನ ಘಾತ 1.99ಕ್ಕೆ ಇಳಿಸೋ ಅಲ್ಗಾರಿದಮ್ ಮಾತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ, ಸಿಗೋಕೆ ಸಾಧ್ಯ ಇಲ್ಲ ಅಂತಾನೂ ಯಾರೂ ಸಾಬೀತು ಮಾಡಿಲ್ಲ.